ಕಾಲೇಜು ಲ್ಯಾಕ್ರೋಸ್ ತರಬೇತಿ ಮತ್ತು ನಿರೀಕ್ಷೆಯ ಭಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಗಳಲ್ಲಿ ನೆಲೆಸಿದ ಕನ್ನಡ ಮನೆಗಳ ಕೆಲವು ಮಕ್ಕಳು ಈಗ ಕ್ರಿಕೆಟ್ ಬ್ಯಾಟಿನ ಬದಲು ಲ್ಯಾಕ್ರೋಸ್ ಕೋಲು ಹಿಡಿದು ಶಾಲೆಯ ಮೈದಾನಕ್ಕೆ ಇಳಿಯುತ್ತಾರೆ. ಅಂಥ ಮಕ್ಕಳ ತಂದೆತಾಯಿಯರು, ಬಿಡುವಿನ ವೇಳೆಯಲ್ಲಿ ತರಬೇತಿ ನೀಡುವ ಒಂದಿಬ್ಬರು ಗೆಳೆಯರು ಹಾಗೂ ಕಾಲೇಜು ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡಿ ಕುತೂಹಲಗೊಂಡವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಆಟದ ನಿಯಮಗಳಿಗಿಂತ ಹೆಚ್ಚಾಗಿ ಅವರು ತಿಳಿಯಬಯಸಿದ್ದು, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರ ಹೆಗಲ ಮೇಲೆ ಬೀಳುವ ನಿರೀಕ್ಷೆಯ ಭಾರವನ್ನು ಅಲ್ಲಿನ ಕೋಚ್‌ಗಳು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು.

ಲ್ಯಾಕ್ರೋಸ್ ಎಂದರೆ ಯಾವ ಆಟ?

ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಓಡುತ್ತ, ಜೊತೆಯವರಿಗೆ ಎಸೆಯುತ್ತ, ಆರಡಿ ಅಗಲ ಆರಡಿ ಎತ್ತರದ ಗೋಲಿನೊಳಕ್ಕೆ ಹೊಡೆಯುವ ಆಟವಿದು. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಇದಕ್ಕೆ ಲಿಖಿತ ನಿಯಮಗಳು ಬಂದದ್ದು 1860ರ ದಶಕದಲ್ಲಿ, ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಅವರಿಂದ. ಅಮೆರಿಕದ ಕಾಲೇಜುಗಳಲ್ಲಿ ಪುರುಷರ ತಂಡ 10 ಮಂದಿಯದು, ಮಹಿಳೆಯರದು 12 ಮಂದಿಯದು. ತಲಾ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಮುಗಿದ ಮೇಲೂ ಅಂಕ ಸಮವಾಗಿದ್ದರೆ ಹೆಚ್ಚುವರಿ ಆಟ ನಡೆಯುತ್ತದೆ, ಅದರಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಣಲಿರುವುದು ಇದರ ಚಿಕ್ಕ ರೂಪ, ಆರು ಮಂದಿಯ ಆಟ.

ಕಾಲೇಜು ಮಟ್ಟದಲ್ಲಿಯೇ ಇಷ್ಟೊಂದು ಒತ್ತಡವೇಕೆ?

ಇದಕ್ಕೆ ಮೊದಲ ಕಾರಣ ಋತುವಿನ ಚಿಕ್ಕತನ. ಫೆಬ್ರವರಿಯ ಚಳಿಯಲ್ಲಿ ಆರಂಭವಾಗುವ ಆಟ ಮೇ ತಿಂಗಳ ಕೊನೆಯ ಸೋಮವಾರದ ಹೊತ್ತಿಗೆ ಮುಗಿದುಹೋಗುತ್ತದೆ, ಮತ್ತು ಒಂದು ತಂಡಕ್ಕೆ ಸಿಗುವ ಲೀಗ್ ಪಂದ್ಯಗಳು ಹದಿನೈದನ್ನು ದಾಟುವುದು ಅಪರೂಪ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಮೇಲಿನ ದರ್ಜೆ, ಅಂದರೆ ಡಿವಿಷನ್ ಒಂದರಲ್ಲಿ ಪುರುಷರ ತಂಡಗಳು ಎಪ್ಪತ್ತಕ್ಕೂ ಹೆಚ್ಚಿವೆ, ಕೊನೆಯ ಟೂರ್ನಿಗೆ ಪ್ರವೇಶ ಸಿಗುವುದು ಅದರ ಒಂದು ಸಣ್ಣ ಭಾಗಕ್ಕೆ ಮಾತ್ರ. ಕೆಲವು ಕಾಲೇಜುಗಳು ಸೇರಿ ಆಡುವ ತಮ್ಮ ಒಕ್ಕೂಟದಲ್ಲಿ ಗೆದ್ದವರು ನೇರವಾಗಿ ಹೋಗುತ್ತಾರೆ. ಉಳಿದವರ ಹಣೆಬರಹವನ್ನು ಆಯ್ಕೆ ಸಮಿತಿ ಬರೆಯುತ್ತದೆ. 2022ರಲ್ಲಿ 8 ಗೆಲುವು, 4 ಸೋಲು ಕಂಡಿದ್ದ ಬಲಿಷ್ಠ ನೋಟರ್ ಡೇಮ್ ತಂಡವನ್ನು ಸಮಿತಿ ಹೊರಗಿಟ್ಟಿತು. ಮಾರ್ಚ್ ತಿಂಗಳ ಒಂದು ಎಡವಟ್ಟು ಮೇ ತಿಂಗಳಲ್ಲಿ ಬಾಗಿಲು ಮುಚ್ಚಬಲ್ಲದು ಎಂಬುದು ಪ್ರತಿ ಆಟಗಾರನಿಗೂ ಗೊತ್ತು.

ಎರಡನೆಯ ಕಾರಣ, ಬಹುಪಾಲು ಆಟಗಾರರಿಗೆ ಕಾಲೇಜಿನ ಆಚೆ ದೊಡ್ಡ ವೇದಿಕೆ ಇಲ್ಲದಿರುವುದು. 2019ರಲ್ಲಿ ಆರಂಭವಾದ ಪ್ರೀಮಿಯರ್ ಲ್ಯಾಕ್ರೋಸ್ ಲೀಗ್ ಇದೆ, ಆದರೆ ಅಲ್ಲಿ ಸ್ಥಾನಗಳು ಕಡಿಮೆ. ಹೀಗಾಗಿ ನಾಲ್ಕನೆಯ ವರ್ಷದ ವಿದ್ಯಾರ್ಥಿಗೆ ಕೊನೆಯ ಸೋಲು ಎಂದರೆ ಹತ್ತು ಹನ್ನೆರಡು ವರ್ಷಗಳಿಂದ ಹಿಡಿದಿದ್ದ ಕೋಲನ್ನು ಕೆಳಗಿಡುವ ದಿನವೂ ಹೌದು.

ಇನ್ನೊಂದು ಕಾರಣ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. 2017ಕ್ಕೆ ಮೊದಲು ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಕಾಲೇಜಿಗೆ ಬಾಯಿಮಾತಿನ ಒಪ್ಪಿಗೆ ಕೊಟ್ಟುಬಿಡುವುದು ಸಾಮಾನ್ಯವಾಗಿತ್ತು. ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಕೋಚ್‌ಗಳು ಮಕ್ಕಳೊಡನೆ ಮಾತುಕತೆ ನಡೆಸಬಾರದೆಂಬ ನಿಯಮ ಆ ವರ್ಷ ಬಂದಿತು. ನನ್ನ ಅಭಿಪ್ರಾಯದಲ್ಲಿ ಈ ಆಟದಲ್ಲಿ ಒತ್ತಡ ಕಡಿಮೆ ಮಾಡಲು ಕೈಗೊಂಡ ಕ್ರಮಗಳಲ್ಲಿ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಯಾರೋ ಕಂಡ ಭರವಸೆಯನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಸಬೇಕಾದ ಸಾಲದಂತೆ ಹೊತ್ತು ತಿರುಗುವುದು ಯಾವ ಮಗುವಿಗೂ ಬೇಡ.

ಈ ಒತ್ತಡ ತಂಡದ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆಯೇ?

ಇಲ್ಲ, ಮತ್ತು ತರಬೇತಿಯ ಅರ್ಧ ಗುಟ್ಟು ಇಲ್ಲಿಯೇ ಇದೆ. ಲ್ಯಾಕ್ರೋಸ್ ಆಟದ ರಚನೆಯೇ ಒಂದಿಬ್ಬರ ತಲೆಯ ಮೇಲೆ ಹೊರೆ ಹೇರುವಂತಿದೆ. ಒತ್ತಡವನ್ನು ಇಲ್ಲವಾಗಿಸುವುದು ಯಾವ ಕೋಚ್‌ಗೂ ಸಾಧ್ಯವಿಲ್ಲ. ಅದು ಯಾರ ಮೇಲೆ ಎಷ್ಟು ಬೀಳಬೇಕು ಎಂದು ಹಂಚುವುದು ಮಾತ್ರ ಅವರ ಕೈಯಲ್ಲಿದೆ.

ಚೆಂಡು ಯಾವ ತಂಡದ ವಶವಾಗಬೇಕೆಂದು ತೀರ್ಮಾನಿಸುವ ಫೇಸ್‌ಆಫ್ ಅನ್ನು ಹತ್ತಿರದಿಂದ ನೋಡಿ. ಮೈದಾನದ ನಟ್ಟನಡುವೆ ಇಬ್ಬರು ಬಾಗಿ ನಿಂತು, ಕೋಲುಗಳನ್ನು ನೆಲಕ್ಕೆ ತಾಗಿಸಿ, ನಡುವೆ ಇಟ್ಟ ಚೆಂಡನ್ನೇ ದಿಟ್ಟಿಸುತ್ತಿರುತ್ತಾರೆ. ತೀರ್ಪುಗಾರ ಹಿಂದೆ ಸರಿದು ಸೀಟಿ ಊದಿದ ಕ್ಷಣದಲ್ಲಿ ಮಣಿಕಟ್ಟುಗಳು ತಿರುಗುತ್ತವೆ, ಹೆಗಲಿಗೆ ಹೆಗಲು ಬಡಿಯುತ್ತದೆ, ಒಂದೆರಡು ಸೆಕೆಂಡುಗಳಲ್ಲಿ ಎಲ್ಲವೂ ಇತ್ಯರ್ಥವಾಗಿರುತ್ತದೆ. ಪುರುಷರ ಆಟದಲ್ಲಿ ಪ್ರತಿ ಗೋಲಿನ ನಂತರವೂ ಇದು ಮರುಕಳಿಸುವುದರಿಂದ, 14–13ರಂಥ ಪಂದ್ಯದಲ್ಲಿ ಇದೇ ಇಬ್ಬರು ಮೂವತ್ತರ ಆಸುಪಾಸಿನ ಬಾರಿ ಎದುರುಬದುರಾಗಬೇಕಾಗುತ್ತದೆ. ಸತತವಾಗಿ ಆರು ಬಾರಿ ಸೋತ ಹುಡುಗ ಏಳನೆಯದಕ್ಕೆ ನಡೆದು ಹೋಗುವಾಗ ಗ್ಯಾಲರಿಯ ನಿಟ್ಟುಸಿರು ಅವನ ಕಿವಿಗೆ ಬೀಳುತ್ತದೆ. ಅವನ ತಂಡದ ಉಳಿದವರಿಗೆ ಚೆಂಡು ಮುಟ್ಟುವ ಅವಕಾಶವೂ ಸಿಕ್ಕಿರುವುದಿಲ್ಲ.

ಇಂಥ ಹೊತ್ತಿನಲ್ಲಿ ‘ಇನ್ನೂ ಗಟ್ಟಿಯಾಗಿ ಪ್ರಯತ್ನಿಸು’ ಎಂದು ಕೂಗುವ ಕೋಚ್ ಹೊರೆಯನ್ನು ಹೆಚ್ಚಿಸಿದಂತಾಯಿತು, ಅಷ್ಟೆ. ಅನುಭವಿ ಕೋಚ್ ಆ ಹುಡುಗನ ಕಡೆ ತಿರುಗುವ ಮೊದಲು ಎರಡು ಬದಿಯಲ್ಲಿ ನಿಂತ ವಿಂಗ್ ಆಟಗಾರರನ್ನು ಕರೆದು, ಎದುರಾಳಿ ಚೆಂಡನ್ನು ಯಾವ ಕಡೆಗೆ ಎಳೆಯುತ್ತಿದ್ದಾನೆ ಎಂದು ತೋರಿಸಿ, ನೆಲದ ಮೇಲಿನ ಚೆಂಡನ್ನು ಎತ್ತಿಕೊಳ್ಳುವ ಕೆಲಸವನ್ನು ಅವರಿಗೆ ಒಪ್ಪಿಸುತ್ತಾರೆ. ಆಮೇಲೆ ಹುಡುಗನಿಗೆ ಹೇಳುವ ಮಾತು ಚಿಕ್ಕದು: ನೀನು ಗೆಲ್ಲಬೇಕಾಗಿಲ್ಲ, ಅವನು ಸಲೀಸಾಗಿ ಗೆಲ್ಲದಂತೆ ನೋಡಿಕೊ. ಒಬ್ಬನ ಸೋಲಾಗಿದ್ದದ್ದು ಈಗ ಮೂವರ ಕೆಲಸವಾಗಿದೆ.

ಗೋಲ್‌ಕೀಪರ್‌ನ ಪಾಡು ಬೇರೆ ಬಗೆಯದು. ಸುಮಾರು 145 ಗ್ರಾಂ ತೂಕದ ಚೆಂಡು ಗಂಟೆಗೆ 140 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಕೆಲವೇ ಗಜಗಳ ದೂರದಿಂದ ಬರುವ ಈ ಆಟದಲ್ಲಿ, ಗುರಿ ಹಿಡಿದು ಬಂದ ಹೊಡೆತಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ತಡೆದವನೂ ಒಳ್ಳೆಯ ಗೋಲ್‌ಕೀಪರ್ ಎನಿಸಿಕೊಳ್ಳುತ್ತಾನೆ. ಹತ್ತು ಗೋಲು ಬಿಟ್ಟು ಪಂದ್ಯ ಗೆಲ್ಲಿಸಿದವರುಂಟು. ಫುಟ್‌ಬಾಲ್ ನೋಡಿ ಬೆಳೆದ ನಮ್ಮ ಕಡೆಯ ತಂದೆತಾಯಿಯರಿಗೆ ಇದು ಬೇಗ ಅರ್ಥವಾಗುವುದಿಲ್ಲ. ಮಗ ನಾಲ್ಕನೆಯ ಗೋಲು ಬಿಟ್ಟಾಗಲೇ ಅವರ ಮುಖ ಬಾಡಿರುತ್ತದೆ. ಬಲೆಯೊಳಗಿನ ಚೆಂಡನ್ನು ಹೊರತೆಗೆದು ತೀರ್ಪುಗಾರನಿಗೆ ಎಸೆದು, ಗೋಲಿನ ಕಂಬಗಳನ್ನು ಕೋಲಿನಿಂದ ಒಮ್ಮೆ ಮುಟ್ಟಿ, ಮತ್ತೆ ತನ್ನ ಜಾಗದಲ್ಲಿ ನಿಲ್ಲುವ ಅಭ್ಯಾಸವನ್ನು ಅನೇಕ ಗೋಲ್‌ಕೀಪರ್‌ಗಳು ಬೆಳೆಸಿಕೊಂಡಿರುತ್ತಾರೆ. ಹೋದ ಗೋಲನ್ನು ಅಲ್ಲಿಗೇ ಬಿಟ್ಟು ಬರಲು ದೇಹಕ್ಕೆ ಕೊಡುವ ಗುರುತು ಅದು.

ಬಹಳ ವರ್ಷಗಳಿಂದ ಪ್ರಶಸ್ತಿ ಗೆಲ್ಲದ ತಂಡದಲ್ಲಿ ಕೋಚ್ ಹಳೆಯ ಸೋಲುಗಳ ಮಾತೆತ್ತಬೇಕೇ?

ಈ ಪ್ರಶ್ನೆಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪುರುಷರ ತಂಡಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1973 ಮತ್ತು 1975ರಲ್ಲಿ ಚಾಂಪಿಯನ್ ಆಗಿದ್ದ ಆ ತಂಡ ಮುಂದಿನ ಪ್ರಶಸ್ತಿಗಾಗಿ 42 ವರ್ಷ ಕಾಯಬೇಕಾಯಿತು. ಕಾದದ್ದು ಮೂಲೆಯಲ್ಲಿ ಕೂತಲ್ಲ. ಈ ಅವಧಿಯಲ್ಲಿ ಒಂಬತ್ತು ಬಾರಿ ಫೈನಲ್ ತಲುಪಿ ಒಂಬತ್ತು ಬಾರಿಯೂ ಸೋತಿತು. 2011ರ ಋತುವಿನಿಂದ ಕೋಚ್ ಆದ ಜಾನ್ ಟಿಲ್ಮನ್ ಮೊದಲ ವರ್ಷವೇ ತಂಡವನ್ನು ಫೈನಲ್‌ಗೆ ಕರೆದೊಯ್ದು ವರ್ಜೀನಿಯಾಕ್ಕೆ 9–7ರಿಂದ ಸೋತರು. ಮರುವರ್ಷ ಲೊಯೊಲಾ ವಿರುದ್ಧದ ಫೈನಲ್‌ನಲ್ಲಿ ಮೇರಿಲ್ಯಾಂಡ್ ಇಡೀ ಪಂದ್ಯದಲ್ಲಿ ಮೂರೇ ಗೋಲು ಹೊಡೆದು ಸೋತಿತು. 2015ರಲ್ಲಿ ಡೆನ್ವರ್‌ಗೆ ಸೋಲು, 2016ರಲ್ಲಿ ಅಗ್ರ ಶ್ರೇಯಾಂಕ ಪಡೆದೂ ಶ್ರೇಯಾಂಕವೇ ಇಲ್ಲದ ನಾರ್ತ್ ಕ್ಯಾರೊಲಿನಾಕ್ಕೆ ಹೆಚ್ಚುವರಿ ಆಟದಲ್ಲಿ 14–13ರ ಸೋಲು. ಒಬ್ಬ ಕೋಚ್ ಆರು ವರ್ಷಗಳಲ್ಲಿ ನಾಲ್ಕು ಬಾರಿ ದೇಶದ ಎರಡನೆಯ ತಂಡವನ್ನು ಕಟ್ಟಿದ್ದು ಸಾಧನೆಯೇ. ಆದರೆ ಆ ಹೊತ್ತಿಗೆ ಎಲ್ಲರ ಬಾಯಲ್ಲಿದ್ದದ್ದು 1975 ಎಂಬ ಇಸವಿ ಮಾತ್ರ.

ಈ ಇಸವಿಯನ್ನು ಕುರಿತು ಸ್ವಲ್ಪ ಯೋಚಿಸಬೇಕು. 2017ರಲ್ಲಿ ಆಡಿದ ಯಾವ ಆಟಗಾರನೂ 1975ರಲ್ಲಿ ಹುಟ್ಟಿರಲಿಲ್ಲ. ಅವರಲ್ಲಿ ಅನೇಕರ ತಂದೆತಾಯಿಯರೇ ಆಗ ಮಕ್ಕಳು. ಹಾಗಿರುವಾಗ ಆ 42 ವರ್ಷಗಳ ಲೆಕ್ಕವನ್ನು ಇಪ್ಪತ್ತೆರಡು ವರ್ಷದವರ ಕೈಗೆ ಕೊಡುವುದು ಅಜ್ಜನ ಕಾಲದ ಜಮೀನು ವ್ಯಾಜ್ಯವನ್ನು ಮೊಮ್ಮಗನಿಗೆ ದಾಟಿಸಿದ ಹಾಗೆ. ವ್ಯಾಜ್ಯ ಇದೆ ಎಂಬುದನ್ನು ಮುಚ್ಚಿಡಲೂ ಆಗದು, ಏಕೆಂದರೆ ಊರಿಗೆಲ್ಲ ಗೊತ್ತು. ಕೋಚ್ ಮಾಡಬಹುದಾದದ್ದು, ಋತುವಿನ ಆರಂಭದಲ್ಲಿ ಒಮ್ಮೆ ಅದನ್ನು ನೇರವಾಗಿ ಹೇಳಿ, ಇದು ನಿಮ್ಮ ಸಾಲವಲ್ಲ ಎಂದು ಬೇರ್ಪಡಿಸಿ, ಆಮೇಲೆ ಪತ್ರಕರ್ತರ ಆ ಪ್ರಶ್ನೆಗಳನ್ನೆಲ್ಲ ತಾನೇ ಎದುರಿಸುವುದು. 2017ರ ಮೇ ತಿಂಗಳಲ್ಲಿ ಫಾಕ್ಸ್‌ಬರೊ ಪಟ್ಟಣದಲ್ಲಿ ಓಹಾಯೊ ಸ್ಟೇಟ್ ತಂಡವನ್ನು 9–6ರಿಂದ ಮಣಿಸಿ ಮೇರಿಲ್ಯಾಂಡ್ ಆ ಲೆಕ್ಕವನ್ನು ಮುಗಿಸಿತು. ಹಿಂದಿನ ವರ್ಷದ ಸೋಲನ್ನು ಅನುಭವಿಸಿದ್ದ ಮ್ಯಾಟ್ ರ‍್ಯಾಂಬೊ ಮುಂತಾದವರು ಆ ತಂಡದಲ್ಲಿದ್ದರು. ಇಪ್ಪತ್ತರ ಹುಡುಗನಿಗೆ ಸ್ವಂತ ಸೋಲು ಕಲಿಸುವಷ್ಟನ್ನು ವಂಶಪಾರಂಪರ್ಯವಾಗಿ ಬಂದ ಸೋಲು ಕಲಿಸುವುದಿಲ್ಲ ಎಂಬುದು ನನ್ನ ಅನಿಸಿಕೆ.

ಒಮ್ಮೆ ಗೆದ್ದ ಮೇಲಾದರೂ ಒತ್ತಡ ಇಳಿಯುತ್ತದೆಯೇ?

ಇಳಿಯುವುದಿಲ್ಲ, ಜಾಗ ಬದಲಿಸುತ್ತದೆ. ಇದೇ ಮೇರಿಲ್ಯಾಂಡ್ 2022ರಲ್ಲಿ 18 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು, 2023ರಲ್ಲಿ ಟೂರ್ನಿಯ ಮೊದಲ ಸುತ್ತಿನಲ್ಲೇ ಹೊರಬಿದ್ದಿತು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕಥೆ ಇನ್ನೂ ಹಳೆಯದು. ಅಲ್ಲಿ ರಾಯ್ ಸಿಮನ್ಸ್ ಸೀನಿಯರ್ ಹಲವು ದಶಕ ಕೋಚ್ ಆಗಿದ್ದರು, ಅವರ ನಂತರ ಮಗ ಸಿಮನ್ಸ್ ಜೂನಿಯರ್ ತಂಡವನ್ನು ಪ್ರಶಸ್ತಿಗಳ ತವರನ್ನಾಗಿಸಿದರು. ಜೂನಿಯರ್ ಶಿಲ್ಪಕಲಾವಿದರೂ ಆಗಿದ್ದರು ಎಂಬುದನ್ನು ಇಲ್ಲಿ ಹೇಳದಿರಲು ಮನಸ್ಸಾಗುತ್ತಿಲ್ಲ. 1999ರಿಂದ ಜಾನ್ ಡೆಸ್ಕೊ ಐದು ಪ್ರಶಸ್ತಿ ತಂದರು. ಆದರೂ 2007ರಲ್ಲಿ ತಂಡ 5 ಗೆದ್ದು 8 ಸೋತು ಟೂರ್ನಿಯಿಂದ ಹೊರಗುಳಿದಾಗ ಹಿಂದಿನದೆಲ್ಲ ಮರೆತುಹೋಯಿತು. ಮರುವರ್ಷವೇ ಅದೇ ಕೋಚ್, ಬಹುಮಟ್ಟಿಗೆ ಅದೇ ಹುಡುಗರು, ಚಾಂಪಿಯನ್ ಆದರು. 2009ರ ಫೈನಲ್‌ನಲ್ಲಿ ಕಾರ್ನೆಲ್ ವಿರುದ್ಧ ಇನ್ನು ನಾಲ್ಕು ಸೆಕೆಂಡು ಬಾಕಿ ಇರುವಾಗ ಸಮಗೊಳಿಸಿ, ಹೆಚ್ಚುವರಿ ಆಟದಲ್ಲಿ 10–9ರಿಂದ ಗೆದ್ದರು.

ಇದೇ ಸಿರಾಕ್ಯೂಸ್‌ನಲ್ಲಿ ಆಡಿ ದಂತಕಥೆಯಾದ ಗ್ಯಾರಿ ಗೇಟ್ 2021ರಲ್ಲಿ ಪುರುಷರ ತಂಡದ ಕೋಚ್ ಆಗಿ ಬಂದರು. ಮೊದಲ ಋತುವಿನಲ್ಲಿ 4 ಗೆಲುವು, 10 ಸೋಲು. 2025ರಲ್ಲಿ ಅವರ ತಂಡ ಸೆಮಿಫೈನಲ್ ತಲುಪಿತು. ಆಟಗಾರನಾಗಿ ಗಳಿಸಿದ ಹೆಸರು ಕೋಚ್‌ಗೆ ಕೆಲವೊಮ್ಮೆ ಬಂಡವಾಳ, ಕೆಲವೊಮ್ಮೆ ಬಡ್ಡಿ.

ಪ್ರಶಸ್ತಿಗಳು ಹುದ್ದೆಯನ್ನೂ ಕಾಯುವುದಿಲ್ಲ. ವರ್ಜೀನಿಯಾವನ್ನು ನಾಲ್ಕು ಬಾರಿ ಚಾಂಪಿಯನ್ ಮಾಡಿದ ಡಾಮ್ ಸ್ಟಾರ್ಸಿಯಾ 2016ರಲ್ಲಿ ಆ ಹುದ್ದೆಯಿಂದ ನಿರ್ಗಮಿಸಬೇಕಾಯಿತು.

ಫೈನಲ್‌ನಲ್ಲಿ ಮೇಲಿಂದ ಮೇಲೆ ಸೋಲುವ ತಂಡಕ್ಕೆ ಏನು ಹೇಳಬೇಕು?

ಬಾಸ್ಟನ್ ಕಾಲೇಜಿನ ಮಹಿಳಾ ತಂಡ 2017, 2018, 2019 ಹೀಗೆ ಮೂರು ವರ್ಷ ಸತತವಾಗಿ ಫೈನಲ್‌ನಲ್ಲಿ ಸೋತಿತು. 2020ರ ಋತು ಕೋವಿಡ್‌ನಿಂದ ರದ್ದಾಯಿತು. 2021ರಲ್ಲಿ ಕೋಚ್ ಅಕೇಶಿಯಾ ವಾಕರ್-ವೈನ್‌ಸ್ಟೀನ್ ಅವರ ತಂಡ ಸಿರಾಕ್ಯೂಸ್ ವಿರುದ್ಧ 16–10ರಿಂದ ಗೆದ್ದಿತು. ನಂತರ ಮತ್ತೆ ಎರಡು ಫೈನಲ್ ಸೋತು, 2024ರಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 14–13ರಿಂದ ಪ್ರಶಸ್ತಿ ಪಡೆಯಿತು. ನೋಟರ್ ಡೇಮ್‌ನ ಕೆವಿನ್ ಕಾರಿಗನ್ ಮೂರು ದಶಕಗಳಿಗೂ ಹೆಚ್ಚು ಕಾಲ ಒಂದೇ ಹುದ್ದೆಯಲ್ಲಿದ್ದು, 2010 ಮತ್ತು 2014ರ ಫೈನಲ್‌ಗಳಲ್ಲಿ ಡ್ಯೂಕ್‌ಗೆ ಸೋತು, 2023ರಲ್ಲಿ ಅದೇ ಡ್ಯೂಕ್ ವಿರುದ್ಧ ಮೊದಲ ಪ್ರಶಸ್ತಿ ಗೆದ್ದು, ಮರುವರ್ಷವೂ ಉಳಿಸಿಕೊಂಡರು. 2010ರ ಸೋಲು ಹೆಚ್ಚುವರಿ ಆಟದ ಫೇಸ್‌ಆಫ್ ಆಗಿ ಐದೇ ಸೆಕೆಂಡುಗಳಲ್ಲಿ ಬಂದ ಗೋಲಿನಿಂದ ಆದದ್ದು.

ಆ ಐದು ಸೆಕೆಂಡುಗಳಿಂದ ಹಿಂದಿನ ನಾಲ್ಕು ತಿಂಗಳ ಆಟ ಕೆಟ್ಟದ್ದಾಯಿತು ಎಂದು ತೀರ್ಮಾನಿಸುವ ಕೋಚ್ ಮುಂದಿನ ವರ್ಷ ಚೆನ್ನಾಗಿದ್ದುದನ್ನೂ ಕೆಡಿಸುತ್ತಾರೆ. ಸೋತ ಫೈನಲ್‌ನ ವಿಡಿಯೊವನ್ನು ಬೇರೆಲ್ಲ ಪಂದ್ಯಗಳಂತೆಯೇ ಕೂತು ನೋಡಬೇಕು: ನಮ್ಮ ಹೊಡೆತಗಳು ಎಲ್ಲಿಂದ ಬಂದವು, ಚೆಂಡು ಎಷ್ಟು ಬಾರಿ ಸುಮ್ಮನೆ ಕೈಬಿಟ್ಟಿತು, ರಕ್ಷಣೆಯಲ್ಲಿ ಸಹಾಯಕ್ಕೆ ಬರಬೇಕಾದವರು ಎಷ್ಟು ಹೆಜ್ಜೆ ತಡವಾದರು. ಉತ್ತರಗಳು ಸರಿಯಾಗಿಯೇ ಇದ್ದರೆ ಮಾಡಬೇಕಾದದ್ದು ಅದೇ ಆಟವನ್ನು ಮತ್ತೊಮ್ಮೆ ಆಡುವುದು. ಇದನ್ನು ಬರೆಯುವುದು ಸುಲಭ. ಅಳುತ್ತಿರುವ ನಲವತ್ತು ಮಕ್ಕಳ ಮುಂದೆ ಲಾಕರ್ ಕೋಣೆಯಲ್ಲಿ ನಿಂತು ನಂಬುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ.

ಒತ್ತಡವನ್ನು ಅಭ್ಯಾಸದಲ್ಲಿಯೇ ರೂಢಿ ಮಾಡಿಸಬಹುದೇ?

ಒಂದು ಮಿತಿಯವರೆಗೆ ಸಾಧ್ಯ. ಅಭ್ಯಾಸದ ಕೊನೆಯ ಹತ್ತು ನಿಮಿಷ ಸ್ಕೋರ್ ಬೋರ್ಡ್ ಬೆಳಗಿಸಿ, ಎರಡು ಗೋಲು ಹಿಂದೆ, ನಾಲ್ಕು ನಿಮಿಷ ಬಾಕಿ, ಒಂದೇ ಟೈಮ್‌ಔಟ್ ಎಂದು ಘೋಷಿಸಿ ಆಡಿಸುವುದು ಬಹಳ ಕಡೆ ಇರುವ ಪದ್ಧತಿ. ಇದರ ನಿಜವಾದ ಲಾಭ, ನಿರ್ಧಾರಗಳು ಮುಂಚೆಯೇ ಆಗಿಬಿಡುವುದರಲ್ಲಿದೆ. ಟೈಮ್‌ಔಟ್ ಯಾರು ಕೇಳಬೇಕು, ಪುರುಷರ ಆಟದಲ್ಲಿ ಚೆಂಡು ಸಿಕ್ಕ ತಂಡ ಗೋಲಿನತ್ತ ಹೊಡೆಯಲು ಇರುವ 80 ಸೆಕೆಂಡುಗಳ ಗಡಿಯಾರದಲ್ಲಿ ಕೊನೆಯ ಹತ್ತು ಉಳಿದಾಗ ಚೆಂಡು ಯಾರ ಕೋಲಿನಲ್ಲಿರಬೇಕು, ಆ ಆಟಗಾರನಿಗೆ ಇಬ್ಬರು ಮುತ್ತಿದರೆ ಮುಂದಿನ ದಾರಿ ಯಾವುದು ಎಂಬುದೆಲ್ಲ ಫೆಬ್ರವರಿಯಲ್ಲೇ ಇತ್ಯರ್ಥವಾಗಿದ್ದರೆ, ಮೇ ತಿಂಗಳಲ್ಲಿ ಆಟಗಾರ ಹೊಸದಾಗಿ ಯೋಚಿಸಬೇಕಾಗಿಲ್ಲ. ಚೆನ್ನಾಗಿ ರೂಢಿಯಾದ ಕೈಚಳಕದ ಮೇಲೆ ಮನಸ್ಸು ಕಾವಲು ಕೂತಾಗಲೇ ಕೈ ತಡವರಿಸುತ್ತದೆ.

ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ನಡೆಸಬಾರದು, ವಾರಕ್ಕೊಂದು ದಿನ ಬಿಡುವು ಕೊಡಬೇಕು ಎಂಬ ಎನ್‌ಸಿಎಎ ನಿಯಮವಿದೆ. ಆ ಬಿಡುವಿನ ದಿನ ‘ಐಚ್ಛಿಕ’ ಅಭ್ಯಾಸವೆಂದು ಕರೆದು ಬಾರದವರ ಹೆಸರು ನೆನಪಿಟ್ಟುಕೊಳ್ಳುವ ಕೋಚ್ ನಿಯಮ ಮುರಿದಂತೆಯೇ.

ಬೈದರೆ ತಂಡ ಚುರುಕಾಗುವುದಿಲ್ಲವೇ?

ಒಂದು ಕ್ವಾರ್ಟರ್ ಮಟ್ಟಿಗೆ ಆಗಬಹುದು. ಆಮೇಲೆ ಆಟಗಾರರು ಚೆಂಡಿನ ಬದಲು ಕೋಚ್‌ನ ಮುಖ ನೋಡತೊಡಗುತ್ತಾರೆ.

ಕೋಚ್ ತಮ್ಮ ಸ್ವಂತ ಒತ್ತಡವನ್ನು ಎಲ್ಲಿ ಇಳಿಸಬೇಕು?

ಆಟಗಾರರ ಮೇಲೆ ಅಲ್ಲ ಎಂಬುದಷ್ಟೇ ಖಚಿತ. ಹಳೆಯ ವಿದ್ಯಾರ್ಥಿಗಳು, ದೇಣಿಗೆ ಕೊಡುವವರು, ಕ್ರೀಡಾ ನಿರ್ದೇಶಕರು ಎಲ್ಲರ ಕರೆಗಳೂ ಬರುವುದು ಕೋಚ್‌ಗೆ. ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂದ ಮೇಲೆ, ಈ ವರ್ಷ ಬೆಂಚಿನಲ್ಲಿ ಕೂತ ಹುಡುಗ ಮುಂದಿನ ವರ್ಷ ಎದುರಾಳಿ ತಂಡದಲ್ಲಿ ಇರಬಹುದೆಂಬ ಆತಂಕವೂ ಸೇರಿಕೊಂಡಿದೆ. ಸಹಾಯಕ ಕೋಚ್‌ಗಳ ಕೋಣೆ ಇಂಥ ಮಾತಿಗೆ ಸರಿಯಾದ ಸ್ಥಳ. ನಾನು ಒಂದು ಶಾಲಾ ತಂಡದ ಬೆಂಚಿನ ಹಿಂದೆ ಕೂತು ನೋಡಿದ ಒಬ್ಬ ಕೋಚ್, ವಿರಾಮದಲ್ಲಿ ಆಟಗಾರರ ಬಳಿಗೆ ಹೋಗುವ ಮೊದಲು ಒಂದು ನಿಮಿಷ ಸಹಾಯಕರ ಜೊತೆ ಮಾತ್ರ ನಿಲ್ಲುತ್ತಿದ್ದರು. ಕೈಯಲ್ಲಿದ್ದ ಚಿಕ್ಕ ಚೀಟಿಯಲ್ಲಿ ಬರೆದ ಐದಾರು ದೂರುಗಳಲ್ಲಿ ಎರಡನ್ನು ಉಳಿಸಿ ಉಳಿದವನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ, ಆಮೇಲೆ ಮಕ್ಕಳ ಕಡೆ ತಿರುಗುತ್ತಿದ್ದರು.

ಆಟಗಾರ ನಿಜವಾಗಿಯೂ ಕುಗ್ಗಿಹೋಗಿದ್ದಾನೆ ಎಂದು ಅನಿಸಿದರೆ?

ಇಲ್ಲಿ ಕೋಚ್‌ನ ಜಾಣ್ಮೆಗೆ ಅವಕಾಶವಿಲ್ಲ. ನಿದ್ದೆ, ಊಟ ತಪ್ಪಿದವರು, ಗಾಯದಿಂದ ತಿಂಗಳುಗಟ್ಟಲೆ ಹೊರಗುಳಿದವರು, ತಂಡದ ಜೊತೆಗಿದ್ದೂ ಮಾತು ಬಿಟ್ಟವರು ಕಂಡುಬಂದರೆ ಅವರನ್ನು ಕಾಲೇಜಿನ ಮನಃಶಾಸ್ತ್ರಜ್ಞರ ಬಳಿಗೆ ತಲುಪಿಸಬೇಕು, ಮತ್ತು ಆ ಭೇಟಿಯ ವಿವರ ಕೇಳಬಾರದು. ಡ್ಯೂಕ್ ಮಹಿಳಾ ತಂಡದ ಆಟಗಾರ್ತಿಯೊಬ್ಬರು 2019ರಲ್ಲಿ ತೀರಿಕೊಂಡ ನಂತರ ಅವರ ಆಪ್ತರು ಕಟ್ಟಿದ ‘ಮಾರ್ಗನ್ಸ್ ಮೆಸೇಜ್’ ಎಂಬ ಸಂಸ್ಥೆ, ಮೊಣಕಾಲಿನ ಗಾಯಕ್ಕೂ ಮನಸ್ಸಿನ ಗಾಯಕ್ಕೂ ಒಂದೇ ಬಗೆಯ ಆರೈಕೆ ಸಿಗಬೇಕೆಂದು ಕಾಲೇಜು ಕಾಲೇಜುಗಳಲ್ಲಿ ಕೆಲಸ ಮಾಡುತ್ತಿದೆ. ಅಮೆರಿಕದಲ್ಲಿ ಇಂಥ ಮಾನಸಿಕ ಸಂಕಟದ ತುರ್ತು ಸಂದರ್ಭದಲ್ಲಿ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು ಅಥವಾ ಸಂದೇಶ ಕಳಿಸಬಹುದು.

ಈ ಆಟವನ್ನು ಹುಟ್ಟುಹಾಕಿದ ಮೂಲನಿವಾಸಿಗಳು ಒತ್ತಡವನ್ನು ಹೇಗೆ ನೋಡುತ್ತಾರೆ?

ಆ ಮೂಲನಿವಾಸಿಗಳಲ್ಲಿ ಒಂದು ಸಮುದಾಯವಾದ ಹೊಡೆನೊಶೋನಿ ಜನರಿಗೆ ಇದು ಸೃಷ್ಟಿಕರ್ತನ ಸಂತೋಷಕ್ಕಾಗಿ ಆಡುವ ಆಟ, ಹಾಗೂ ಔಷಧಿ. ರೋಗಿಯ ಗುಣಕ್ಕಾಗಿ, ಊರಿನ ಒಳಿತಿಗಾಗಿ ಆಡುವ ಸಂಪ್ರದಾಯ ಇಂದಿಗೂ ಇದೆ. ಆ ಸಮುದಾಯದ ಲೈಲ್ ಮತ್ತು ಮೈಲ್ಸ್ ಥಾಂಪ್ಸನ್ ಸಹೋದರರು ಆಲ್ಬನಿ ವಿಶ್ವವಿದ್ಯಾಲಯಕ್ಕಾಗಿ ಆಡಿ, ಕಾಲೇಜು ಲ್ಯಾಕ್ರೋಸ್‌ನ ಅತ್ಯುನ್ನತ ಗೌರವವಾದ ಟೆವಾರಾಟನ್ ಪ್ರಶಸ್ತಿಯನ್ನು 2014ರಲ್ಲಿ ಹಂಚಿಕೊಂಡರು. ಆ ಋತುವಿನಲ್ಲಿ ಲೈಲ್ ಗಳಿಸಿದ್ದು, ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ, 128 ಅಂಕ. ಅಲ್ಲಿನ ಕೋಚ್ ಸ್ಕಾಟ್ ಮಾರ್ ಈ ಸಹೋದರರ ಸಾಹಸಮಯ ಕೈಚಳಕವನ್ನು ತಿದ್ದದೆ ಹಾಗೆಯೇ ಬಿಟ್ಟರು. ಬೆನ್ನ ಹಿಂದಿನಿಂದ ಹೊಡೆದ ಗೋಲು ತಪ್ಪಿದರೆ ಬೆಂಚಿಗೆ ಕರೆಯುವ ಕೋಚ್ ಕೈಯಲ್ಲಿ ಈ ಇಬ್ಬರ ಆಟ ಅರ್ಧದಷ್ಟೂ ಅರಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಸ್ಕಾಲರ್‌ಶಿಪ್ ಸಿಗುತ್ತದೆಂಬ ಆಸೆಯಿಂದ ಮಗುವನ್ನು ಈ ಆಟಕ್ಕೆ ಸೇರಿಸಬಹುದೇ?

ಆ ಒಂದೇ ಲೆಕ್ಕದಿಂದಾದರೆ ಬೇಡ. ಬಹುಕಾಲ ಡಿವಿಷನ್ ಒಂದರ ಪುರುಷರ ತಂಡವೊಂದಕ್ಕೆ ಇದ್ದ ಮಿತಿ 12.6 ಸ್ಕಾಲರ್‌ಶಿಪ್, ನಲವತ್ತು ಐವತ್ತು ಮಂದಿಗೆ ಅದನ್ನು ಚೂರು ಚೂರಾಗಿ ಹಂಚಲಾಗುತ್ತಿತ್ತು. 2025ರ ನ್ಯಾಯಾಲಯದ ಒಪ್ಪಂದದ ನಂತರ ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ಪುರುಷರ ತಂಡದ ಗಾತ್ರಕ್ಕೆ 48 ಎಂಬ ಮಿತಿ ಬಂದಿದೆ. ಅದೇ ವರ್ಷ 48 ವರ್ಷಗಳ ನಂತರ ಚಾಂಪಿಯನ್ ಆದ ಕಾರ್ನೆಲ್ ಸೇರಿದಂತೆ ಐವಿ ಲೀಗ್ ಎಂಬ ಒಕ್ಕೂಟದ ಎಂಟು ಹಳೆಯ, ಹೆಸರಾಂತ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಸಿಇಟಿ ರ‍್ಯಾಂಕ್‌ಗಾಗಿ ಮಕ್ಕಳನ್ನು ಬೆಳಗಿನ ಐದಕ್ಕೆ ಎಬ್ಬಿಸಿದ ನಮ್ಮ ಹಳೆಯ ಅಭ್ಯಾಸ ಇಲ್ಲಿ ಕೋಲಿನ ರೂಪದಲ್ಲಿ ಮರಳಿ ಬರದಂತೆ ಎಚ್ಚರ ವಹಿಸುವುದು ಒಳ್ಳೆಯದು.

ಸೋತ ದಿನ ತಂದೆತಾಯಿಯರು ಏನು ಹೇಳಬೇಕು?

ಆಟದ ಬಗ್ಗೆ ಮಗು ತಾನಾಗಿ ಮಾತೆತ್ತುವವರೆಗೆ ಏನನ್ನೂ ಹೇಳಬೇಕಾಗಿಲ್ಲ. ಪಂದ್ಯದ ನಂತರ ಕಾರುಗಳ ಹಿಂಭಾಗದಲ್ಲಿ ಮೇಜು ಹಾಕಿ ಎರಡೂ ತಂಡಗಳ ಪೋಷಕರು ಊಟ ಬಡಿಸುವ ಪದ್ಧತಿ ಕಾಲೇಜು ಲ್ಯಾಕ್ರೋಸ್‌ನಲ್ಲಿ ಸಾಮಾನ್ಯ. ಅಲ್ಲಿಗೆ ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋಗಿ, ಪೇಪರ್ ತಟ್ಟೆ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತರೆ ಸಾಕು. ಕೃತಕ ಹುಲ್ಲಿನ ಮೈದಾನದಿಂದ ಮೊಣಕೈಗೆ ಅಂಟಿದ ಕರಿ ರಬ್ಬರ್ ಹರಳುಗಳನ್ನು ಉಜ್ಜಿಕೊಳ್ಳುತ್ತ ಮಗು ಎರಡನೆಯ ತಟ್ಟೆ ಕೇಳಿದ ಮೇಲೆ, ಬಹುಶಃ ಮೂರನೆಯ ಕ್ವಾರ್ಟರ್‌ನ ಮಾತು ತಾನಾಗಿಯೇ ಬರುತ್ತದೆ.